ಕ್ಯಾಮರಾದ ನಾಡಿಪರೀಕ್ಷೆ

ಮೈ ಬೆಚ್ಚಗಾದೊಡನೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಓಡುವವರು ವಿರಳ. ಮೊದಲು ಮನೆಯ ಹಿರಿಯರು ಹಣೆ ಮುಟ್ಟಿ ನೋಡುತ್ತಾರೆ, ನಾಲಗೆ ಚಾಚಿಸಿ ನೋಡುತ್ತಾರೆ, ನಿನ್ನೆ ಏನು ತಿಂದೆ ಎಂದು ವಿಚಾರಿಸುತ್ತಾರೆ. ಎಷ್ಟೋ ಬೇನೆಗಳ ಮೂಲ ಈ ವಿಚಾರಣೆಯಲ್ಲಿಯೇ ಬಯಲಾಗುವುದುಂಟು. ಆದರೆ ಕೈಯಲ್ಲಿರುವ ಡಿಜಿಟಲ್ ಕ್ಯಾಮರಾ ಮುನಿಸಿಕೊಂಡರೆ ನಮಗೆ ಈ ತಾಳ್ಮೆ ಇರುವುದಿಲ್ಲ. 'ಕೆಟ್ಟುಹೋಯಿತು' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು, ಅದನ್ನು ಬಟ್ಟೆಯಲ್ಲಿ ಸುತ್ತಿ ದೂರದ ಊರಿನ ದುರಸ್ತಿಗಾರರಿಗೆ ಕಳುಹಿಸಿಬಿಡುತ್ತೇವೆ. ಹಣ ಹೋಗುವುದು ಒಂದು ಕಡೆಗಿರಲಿ, ವಾರಗಟ್ಟಲೆ ಕೆಲಸ ನಿಲ್ಲುವುದು ಇನ್ನೊಂದು ಕಡೆ. ಮದುವೆಯ ಹಂಗಾಮಿನಲ್ಲಿ ಸಣ್ಣ ಊರಿನ ಛಾಯಾಚಿತ್ರಕಾರನಿಗೆ ಇದು ಅನ್ನದ ಪ್ರಶ್ನೆಯೇ ಸರಿ.

ಕಳೆದ ಮಾಗಿಯಲ್ಲಿ ನಾವು ಕೆಲವರು ಗೆಳೆಯರು, ನಮ್ಮೊಡನೆ ಒಬ್ಬ ಕಾಲೇಜು ವಿದ್ಯಾರ್ಥಿ, ಹಾವೇರಿ, ಬ್ಯಾಡಗಿ ಮತ್ತು ರಾಣೆಬೆನ್ನೂರುಗಳಲ್ಲಿ ಚಿತ್ರ ತೆಗೆಯುತ್ತ ಮೂರು ದಿನ ತಿರುಗಿದೆವು. ಒಂದೊಂದು ಊರಿನಲ್ಲಿ ಒಂದೊಂದು ಕ್ಯಾಮರಾ ಹಟ ಹಿಡಿಯಿತು. ಮೂರರಲ್ಲಿ ಒಂದೂ ದುರಸ್ತಿಗೆ ಹೋಗಲಿಲ್ಲ. ಅದು ನಮ್ಮ ಜಾಣತನದಿಂದಾದುದಲ್ಲ. ವಿಜ್ಞಾನದ ಒಂದು ಹಳೆಯ ನಿಯಮವನ್ನು ಅನುಸರಿಸಿದುದರ ಫಲ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಫಲವನ್ನು ನೋಡು, ಬಳಿಕ ಮುಂದಿನದಕ್ಕೆ ಹೋಗು ಎಂಬುದೇ ಆ ನಿಯಮ.

ಯಂತ್ರದೊಳಗೆ ನಡೆಯುವುದೇನು?

ರೋಗವನ್ನು ಅರಿಯಬೇಕಾದರೆ ದೇಹವನ್ನು ಅರಿತಿರಬೇಕು. ಹಳೆಯ ಕ್ಯಾಮರಾದಲ್ಲಿ ಬೆಳಕು ಫಿಲ್ಮಿನ ಮೇಲೆ ಬಿದ್ದು ರಾಸಾಯನಿಕ ಬದಲಾವಣೆಯನ್ನುಂಟುಮಾಡುತ್ತಿದ್ದಿತು. ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಸ್ಥಾನದಲ್ಲಿ ಸಂವೇದಕವೆಂಬ ಸಿಲಿಕಾನ್ ಫಲಕವಿದೆ. ಅದರ ಮೇಲೆ ಲಕ್ಷಾಂತರ ಸೂಕ್ಷ್ಮ ಕೋಶಗಳು. ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುದಂಶವನ್ನು ಪ್ರತಿಯೊಂದು ಕೋಶವೂ ಕೂಡಿಹಾಕುತ್ತದೆ. ಅದನ್ನು ಅಳೆದು ಅಂಕಿಗಳನ್ನಾಗಿ ಮಾಡಿ ಮೆಮರಿ ಕಾರ್ಡಿನಲ್ಲಿ ಬರೆದಿಡಲಾಗುತ್ತದೆ. ಈ ಬಗೆಯ ಮೊದಲ ಸಂವೇದಕವಾದ ಸಿ.ಸಿ.ಡಿ.ಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಲ್ಪಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿ ಕೇವಲ 10,000 ಚುಕ್ಕೆಗಳಿದ್ದವು. ಒಂದು ಚಿತ್ರವನ್ನು ಕ್ಯಾಸೆಟ್ ಸುರುಳಿಗೆ ಬರೆಯಲು 23 ಸೆಕೆಂಡು ಬೇಕಾಗುತ್ತಿದ್ದಿತು.

ಹೀಗಿರಲಾಗಿ, ಕ್ಯಾಮರಾವನ್ನು ಐದು ಅಂಗಗಳ ಸರಪಳಿಯೆಂದು ಭಾವಿಸಬಹುದು: ಶಕ್ತಿ ಕೊಡುವ ಬ್ಯಾಟರಿ, ಬೆಳಕನ್ನು ಒಟ್ಟುಗೂಡಿಸುವ ಮಸೂರ, ಬೆಳಕಿಗೆ ಬಾಗಿಲು ತೆರೆಯುವ ಷಟರ್, ನೋಡುವ ಸಂವೇದಕ, ನೆನಪಿಡುವ ಕಾರ್ಡು. ಯಾವ ಕೊಂಡಿ ಸಡಿಲಿದೆ ಎಂಬುದನ್ನು ಹುಡುಕುವುದಷ್ಟೇ ನಮ್ಮ ಕೆಲಸ.

ಹಾವೇರಿ: ರೋಗವಿಲ್ಲದ ರೋಗಿ

ಹಾವೇರಿಯ ಸಿದ್ಧೇಶ್ವರ ದೇವಾಲಯ ಚಾಲುಕ್ಯರ ಕಾಲದ ಕಲ್ಲಿನ ಕೆತ್ತನೆಗೆ ಹೆಸರಾದುದು. ಅಲ್ಲಿನ ಮಂಟಪದೊಳಗೆ ಬೆಳಗಿನ ಹೊತ್ತು ನಾವು ತೆಗೆದ ಚಿತ್ರಗಳೆಲ್ಲ ಮಸುಕಾಗಿದ್ದವು. ಮಸೂರವೇ ಕೆಟ್ಟಿತೆಂದು ಒಬ್ಬ ಗೆಳೆಯರು ನಿರಾಶರಾದರು.

ಅದೇ ಕ್ಯಾಮರಾವನ್ನು ಹೊರಗೆ ಬಿಸಿಲಿಗೆ ತಂದು ಒಂದು ಕಂಬದ ಚಿತ್ರ ತೆಗೆದೆವು. ಚಿತ್ರ ನಿಚ್ಚಳವಾಗಿತ್ತು! ಮತ್ತೆ ಒಳಗೆ ಹೋಗಿ, ಕ್ಯಾಮರಾವನ್ನು ಕಲ್ಲಿನ ಜಗಲಿಯ ಮೇಲಿಟ್ಟು, ಗುಂಡಿಯನ್ನೊತ್ತಿದ 2 ಸೆಕೆಂಡುಗಳ ಬಳಿಕ ಚಿತ್ರವಾಗುವಂತೆ ಟೈಮರ್ ಇಟ್ಟೆವು. ಈಗಲೂ ಚಿತ್ರ ನಿಚ್ಚಳ. ಅಲ್ಲಿಗೆ ನ್ಯಾಯತೀರ್ಮಾನವಾದಂತಾಯಿತು: ನಡುಗಿದುದು ಮಸೂರವಲ್ಲ, ನಮ್ಮ ಕೈ. ಮಂಟಪದ ಮಬ್ಬಿನಲ್ಲಿ ಷಟರ್ ಸೆಕೆಂಡಿನ 1/8 ಭಾಗದಷ್ಟು ಕಾಲ ತೆರೆದಿತ್ತು. ಅಷ್ಟು ಹೊತ್ತು ಕೈ ಕದಲದಂತಿರುವುದು ಸುಲಭವಲ್ಲ. ಈ ಗುಡಿ ಪಶ್ಚಿಮಾಭಿಮುಖವಾದುದರಿಂದ ಸಂಜೆಯ ಬಿಸಿಲು ಮುಂಭಾಗಕ್ಕೆ ಬೀಳುತ್ತದೆ. ಸಂಜೆ ಮತ್ತೆ ಹೋದಾಗ ಟೈಮರಿನ ನೆರವೂ ಬೇಕಾಗಲಿಲ್ಲ.

ಜಗಲಿಯ ಮೇಲಿಟ್ಟಾಗಲೂ ಮಸುಕು ಹೋಗದಿದ್ದರೆ? ಮಸೂರದ ಪಕ್ಕದ ಸಣ್ಣ ಗುಂಡಿ 'ಎ.ಎಫ್.'ನಿಂದ 'ಎಂ.ಎಫ್.'ಗೆ ಜರುಗಿದೆಯೇ, ಅಂದರೆ ಫೋಕಸ್ ಮಾಡುವ ಹೊಣೆ ಕ್ಯಾಮರಾದಿಂದ ನಮ್ಮ ಕೈಗೆ ಬಂದಿದೆಯೇ ಎಂದು ನೋಡಬೇಕು. ಮಸೂರದ ಮೇಲೆ ಬೆರಳಿನ ಜಿಡ್ಡಿದೆಯೇ ಎಂದು ಪರೀಕ್ಷಿಸಬೇಕು. ಕೊನೆಗೆ, ಮೆನುವಿನಲ್ಲಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವ 'ರೀಸೆಟ್' ಎಂಬ ಆಯ್ಕೆಯನ್ನು ಬಳಸಬೇಕು. ಯಾವಾಗಲೋ ಅರಿಯದೆ ಬದಲಿಸಿದ ಒಂದು ಹೊಂದಿಕೆಯೇ ಎಷ್ಟೋ ಸಲ ರೋಗದಂತೆ ತೋರುತ್ತದೆ.

ಬ್ಯಾಡಗಿ: ಒತ್ತಬಾರದ ಗುಂಡಿ

ಬ್ಯಾಡಗಿಯ ಮಾರುಕಟ್ಟೆಯನ್ನು ಕಂಡವರು ಅದರ ಕೆಂಪನ್ನು ಮರೆಯಲಾರರು. ಕಡುಕೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಹೆಸರಾದ ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ನಮ್ಮ ವಿದ್ಯಾರ್ಥಿಯ ಅಜ್ಜಿ ಹಲವು ವರ್ಷ ಇಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿದವರು. ಮನೆಯಲ್ಲಿ ಅವರದು ಒಂದೂ ಒಳ್ಳೆಯ ಚಿತ್ರವಿರಲಿಲ್ಲ. ಅಂದು ಬೆಳಿಗ್ಗೆ ಮೊಮ್ಮಗನ ಒತ್ತಾಯಕ್ಕೆ ರಾಶಿಯ ಬದಿಗೆ ಕುಳಿತು, ಸೆರಗು ಸರಿಪಡಿಸಿಕೊಂಡು, ನಕ್ಕು ಚಿತ್ರ ತೆಗೆಸಿಕೊಂಡಿದ್ದರು.

ಒಂದು ತಾಸಿನ ಮೇಲೆ ಹುಡುಗ ಬಿಳುಪೇರಿದ ಮುಖದಿಂದ ಓಡಿ ಬಂದ. "ಸರ, ಕಾರ್ಡ್ ಫಾರ್ಮ್ಯಾಟ್ ಮಾಡಬೇಕು ಅಂತ ತೋರಸಾಕತ್ತೈತ್ರಿ. ಒತ್ತಲೇನ್ರಿ?"

"ಒತ್ತಬ್ಯಾಡಪಾ! ಮೊದಲು ಆಫ್ ಮಾಡು," ಎಂದೆವು.

ಫಾರ್ಮ್ಯಾಟ್ ಮಾಡುವುದೆಂದರೆ ಪುಸ್ತಕದ ವಿಷಯಸೂಚಿಯನ್ನು ಹರಿದುಹಾಕಿದಂತೆ. ಪುಟಗಳು ಸಾಮಾನ್ಯವಾಗಿ ಕೆಲಕಾಲ ಉಳಿದಿರುತ್ತವೆ. ಆದರೆ ಯಾವ ಚಿತ್ರ ಎಲ್ಲಿದೆಯೆಂಬ ಲೆಕ್ಕ ಅಳಿದುಹೋಗುತ್ತದೆ. ಅದರ ಮೇಲೆ ಹೊಸ ಚಿತ್ರ ತೆಗೆದರೆ ಹಳೆಯ ಪುಟಗಳ ಮೇಲೆಯೇ ಹೊಸ ಬರಹ ಬೀಳುತ್ತದೆ. ಆದುದರಿಂದ ಇಂತಹ ಸಂದರ್ಭದಲ್ಲಿ ಮೊದಲ ಕರ್ತವ್ಯ ಏನನ್ನೂ ಮಾಡದಿರುವುದು. ಕ್ಯಾಮರಾವನ್ನು ಆರಿಸಿ ಕಾರ್ಡನ್ನು ಹೊರತೆಗೆಯಬೇಕು.

ಕೈ ತೊಳೆದು ಒರೆಸಿಕೊಂಡು ನಾವು ಕಾರ್ಡನ್ನು ನೋಡಿದೆವು. ಅದರ ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕೆಂಪು ಪುಡಿ, ಬೆರಳಿನ ಜಿಡ್ಡು! ಮೆಣಸಿನಕಾಯಿ ಹಿಡಿದ ಕೈಯಿಂದಲೇ ಹುಡುಗ ಅದನ್ನು ತೆಗೆದು ಹಾಕಿದ್ದ. ಈ ಪಟ್ಟಿಗಳ ಮೂಲಕವೇ ಕ್ಯಾಮರಾಕ್ಕೂ ಕಾರ್ಡಿಗೂ ವಿದ್ಯುತ್ ಸಂಭಾಷಣೆ ನಡೆಯುವುದು. ನಡುವೆ ಜಿಡ್ಡು ಬಂದರೆ ಮಾತು ಕೇಳಿಸದು. ಕೇಳಿಸದ ಮಾತನ್ನು ಕ್ಯಾಮರಾ 'ಕಾರ್ಡು ಖಾಲಿ' ಎಂದೋ 'ಕೆಟ್ಟಿದೆ' ಎಂದೋ ಅರ್ಥಮಾಡಿಕೊಳ್ಳುತ್ತದೆ. ಒಣಗಿದ ಮೆತ್ತನೆಯ ಬಟ್ಟೆಯಿಂದ ಪಟ್ಟಿಗಳನ್ನು ಒರೆಸಿ, ಸಮೀಪದ ಸ್ಟುಡಿಯೋ ಒಂದರ ಗಣಕಯಂತ್ರಕ್ಕೆ ಹಾಕಿದಾಗ ಅಜ್ಜಿಯ ನಗು ತೆರೆಯ ಮೇಲೆ ಮೂಡಿತು. ಕೂಡಲೇ ಎರಡು ಕಡೆ ನಕಲು ಮಾಡಿಟ್ಟೆವು. ಕಾರ್ಡನ್ನು ಫಾರ್ಮ್ಯಾಟ್ ಮಾಡಿದುದು ಅದರ ನಂತರವೇ.

ಕಾರ್ಡು ಚಿತ್ರವನ್ನು ಸ್ವೀಕರಿಸದಿದ್ದರೆ ಅದರ ಅಂಚಿನಲ್ಲಿರುವ ಪುಟ್ಟ ಬೀಗದ ಕಡ್ಡಿ ಜರುಗಿದೆಯೇ ನೋಡಬೇಕು. ಬಳಿಕ ಇನ್ನೊಂದು ಕಾರ್ಡನ್ನು ಹಾಕಿ ಪರೀಕ್ಷಿಸಬೇಕು. ಹೊಸ ಕಾರ್ಡು ನಡೆದರೆ ದೋಷ ಹಳೆಯ ಕಾರ್ಡಿನದು; ಎರಡೂ ನಡೆಯದಿದ್ದರೆ ದೋಷ ಕ್ಯಾಮರಾದ್ದು.

ಬ್ಯಾಟರಿಗೂ ಇದೇ ತರ್ಕ. ಕ್ಯಾಮರಾ ಉಸಿರೆತ್ತದಿದ್ದರೆ ಬ್ಯಾಟರಿಯ ಬಾಗಿಲು ಪೂರ್ತಿ ಮುಚ್ಚಿದೆಯೇ ನೋಡಬೇಕು. ಅನೇಕ ಕ್ಯಾಮರಾಗಳಲ್ಲಿ ಬಾಗಿಲು ಕೂರದಿದ್ದರೆ ವಿದ್ಯುತ್ತೇ ಹರಿಯದು. ಬ್ಯಾಟರಿಯನ್ನು ಒಂದು ನಿಮಿಷ ಹೊರಗಿಟ್ಟು, ಅದರ ಲೋಹದ ತುದಿಗಳನ್ನು ಒರೆಸಿ, ಪೂರ್ತಿ ಚಾರ್ಜ್ ಮಾಡಿ ಮತ್ತೆ ಹಾಕಬೇಕು. ಹಳೆಯ ಬ್ಯಾಟರಿ ಸುಮ್ಮನಿರುವಾಗ ತುಂಬಿದಂತೆ ತೋರಿದರೂ, ಮಸೂರದ ಮೋಟಾರು ತಿರುಗುವಷ್ಟರಲ್ಲಿ ಅದರ ವೋಲ್ಟೇಜು ಕುಸಿಯುತ್ತದೆ. ಉಬ್ಬಿದ ಬ್ಯಾಟರಿಯನ್ನಂತೂ ಬಳಸಲೇಬಾರದು, ಚುಚ್ಚಲೂಬಾರದು. ಅದು ಬೆಂಕಿಗೆ ಆಹ್ವಾನ.

ರಾಣೆಬೆನ್ನೂರು: ಆಕಾಶದ ಕಲೆ

1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರು ವಿಸ್ತಾರವುಳ್ಳದ್ದು. ಅದರ ಬಯಲಿನಲ್ಲಿ ಧೂಳಿನ ನಡುವೆ ಮಸೂರ ಬದಲಿಸಿ ನಾವು ಚಿಗರಿಗಳ ಚಿತ್ರ ತೆಗೆದೆವು. ಚಿಗರಿಗಳು ಚೆನ್ನಾಗಿಯೇ ಬಂದಿದ್ದವು. ಆದರೆ ಪ್ರತಿಯೊಂದು ಚಿತ್ರದ ಆಕಾಶದಲ್ಲಿಯೂ ಒಂದೇ ಜಾಗದಲ್ಲಿ ಒಂದು ಬೂದು ಕಲೆ.

ಕಲೆ ಎಲ್ಲಿಯದು? ಮಸೂರವನ್ನು ಬದಲಿಸಿ ಇನ್ನೊಂದು ಚಿತ್ರ ತೆಗೆದೆವು. ಕಲೆ ಹೋಗಲಿಲ್ಲ. ಆದುದರಿಂದ ಅದು ಸಂವೇದಕದ ಮುಂದಿನ ಗಾಜಿನ ಮೇಲಿನದು. ಎರಡನೆಯ ಪರೀಕ್ಷೆ: ದ್ಯುತಿರಂಧ್ರವನ್ನು ಎಫ್/16ಕ್ಕೆ ಕಿರಿದುಗೊಳಿಸಿ ಬರಿಯ ಆಕಾಶದ ಚಿತ್ರ ತೆಗೆದಾಗ ಕಲೆ ಗಾಢವಾಯಿತು, ಎಫ್/4ಕ್ಕೆ ತೆರೆದಾಗ ಕರಗಿಹೋಯಿತು. ಕಿರಿಯ ರಂಧ್ರದಿಂದ ಬರುವ ಬೆಳಕಿನ ಕಿರಣಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬಿದ್ದು ಧೂಳಿನ ಸ್ಪಷ್ಟ ನೆರಳನ್ನು ಮೂಡಿಸುತ್ತವೆ. ದೊಡ್ಡ ರಂಧ್ರದಿಂದ ಬಂದ ಕಿರಣಗಳು ನಾನಾ ದಿಕ್ಕುಗಳಿಂದ ಬಿದ್ದು ನೆರಳನ್ನು ಅಳಿಸಿಬಿಡುತ್ತವೆ. ಒಂಟಿ ದೀಪದೆದುರು ಕೈಯ ನೆರಳು ಗೋಡೆಯ ಮೇಲೆ ಎಷ್ಟು ಗಾಢ, ಮೋಡ ಮುಸುಕಿದ ದಿನ ಅಂಗಳದಲ್ಲಿ ಎಷ್ಟು ಮಸುಕು ಎಂಬುದನ್ನು ನೆನೆದರೆ ಸಾಕು.

ಆಧುನಿಕ ಸಂವೇದಕದ ಒಂದು ಕೋಶದ ಅಗಲ ಮಿಲಿಮೀಟರಿನ ಸಾವಿರದ 4 ಅಂಶದಷ್ಟೇ ಇರಬಹುದು. ತಲೆಗೂದಲಿನ ಒಂದು ಚೂರು ಅದರೆದುರು ಮರದ ದಿಮ್ಮಿ! ನಾವು ಕ್ಯಾಮರಾದ ಮೆನುವಿನಲ್ಲಿದ್ದ ಶುಚಿಗೊಳಿಸುವ ಕ್ರಮವನ್ನು ಆಯ್ದು, ಕ್ಯಾಮರಾದ ಬಾಯಿಯನ್ನು ಕೆಳಮುಖವಾಗಿ ಹಿಡಿದು, ರಬ್ಬರಿನ ಗಾಳಿಚೆಂಡಿನಿಂದ ನಾಲ್ಕು ಸಲ ಊದಿದೆವು. ಕಲೆ ಮಾಯವಾಯಿತು. ಬಾಯಿಂದ ಊದಬಾರದು, ಎಂಜಲಿನ ಹನಿ ಬಿದ್ದರೆ ಧೂಳಿಗಿಂತ ದೊಡ್ಡ ಕೇಡು. ಬಟ್ಟೆಯಿಂದ ಉಜ್ಜಲೂಬಾರದು. ಗಾಳಿಗೆ ಹೋಗದ ಕಲೆಯನ್ನು ಬಲ್ಲವರಿಗೇ ಬಿಡಬೇಕು.

ನಮ್ಮ ಗಡಿ ಎಲ್ಲಿ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾದೀತು. ಸ್ಕ್ರೂ ಬಿಚ್ಚಿ ಕ್ಯಾಮರಾದೊಳಗೆ ಕೈ ಹಾಕಬಾರದು. ಫ್ಲ್ಯಾಷ್ ದೀಪಕ್ಕಾಗಿ ಅದರಲ್ಲಿರುವ ಕೆಪ್ಯಾಸಿಟರ್ ಸುಮಾರು 300 ವೋಲ್ಟಿನಷ್ಟು ವಿದ್ಯುತ್ತನ್ನು ಹಿಡಿದಿಡುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಉಳಿದಿರಬಹುದು, ಮುಟ್ಟಿದವರಿಗೆ ಘಾತವಾಗಬಹುದು. ನೀರಿಗೆ ಬಿದ್ದ ಕ್ಯಾಮರಾವನ್ನು 'ನಡೆಯುತ್ತದೆಯೋ' ಎಂದು ನೋಡಲು ಹಚ್ಚಬಾರದು. ಬ್ಯಾಟರಿ, ಕಾರ್ಡುಗಳನ್ನು ತೆಗೆದು ದುರಸ್ತಿಗಾರರಲ್ಲಿಗೆ ಒಯ್ಯತಕ್ಕದ್ದು. ಹೊರಚಾಚಿದ ಮಸೂರ ಸಿಕ್ಕಿಕೊಂಡರೆ ಬಲದಿಂದ ಎಳೆಯಬಾರದು. ಒಳಗಿನ ಹಲ್ಲುಗಾಲಿಗಳು ಮುರಿದಾವು.

ಕಳುಹಿಸಲೇಬೇಕಾದರೆ ಕಾರ್ಡನ್ನು ನಮ್ಮಲ್ಲಿಯೇ ಇಟ್ಟುಕೊಂಡು, ಕ್ಯಾಮರಾದ ಜೊತೆಗೆ ಒಂದು ಚೀಟಿ ಇಡೋಣ: ತೊಂದರೆ ಎಂದು ಮೊದಲಾಯಿತು, ತೆರೆಯ ಮೇಲೆ ಯಾವ ಸಂದೇಶ ಬಂದಿತು, ಯಾವ ಯಾವುದನ್ನು ಬದಲಿಸಿ ನೋಡಿದೆವು, ಫಲವೇನಾಯಿತು. 'ಕೆಟ್ಟಿದೆ' ಎಂಬ ಒಂದು ಮಾತಿಗಿಂತ ಈ ನಾಲ್ಕು ಸಾಲು ದುರಸ್ತಿಗಾರರ ಅರ್ಧ ಶ್ರಮವನ್ನು ಉಳಿಸುವುವು.

ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿಯುವುದು ಇದನ್ನೇ ಅಲ್ಲವೆ? ಗಾಬರಿಪಡದೆ ನೋಡುವುದು, ಒಂದೊಂದನ್ನೇ ಬದಲಿಸುವುದು, ಕಂಡುದನ್ನು ಬರೆದಿಡುವುದು. ಬ್ಯಾಡಗಿಯ ಆ ಮನೆಯ ಗೋಡೆಯ ಮೇಲೆ ಇಂದು ಅಜ್ಜಿಯ ಚಿತ್ರ ತೂಗುತ್ತಿದೆ. ಅಂದು ಆ ಗುಂಡಿಯನ್ನು ಅವಸರದಲ್ಲಿ ಒತ್ತಿದ್ದರೆ ಆ ಮೊಳೆಗೆ ತೂಗುಹಾಕಲು ಏನೂ ಉಳಿಯದೆ ಇರಬಹುದಾಗಿತ್ತು.