ಮಂಗನ ಕಾಯಿಲೆಯ ಕಾಲದಲ್ಲಿ ವುಝೂ ಮತ್ತು ಉಪವಾಸ

ಉಡುತಡಿಯ ಕಡೆಯಿಂದ ಪಶ್ಚಿಮಕ್ಕೆ, ಸೊರಬದತ್ತ ಹೊರಟರೆ ಮೆಕ್ಕೆಜೋಳದ ಹೊಲಗಳೂ ಕೆರೆಯ ಬಯಲುಗಳೂ ನಿಧಾನವಾಗಿ ಹಿಂದೆ ಉಳಿಯುತ್ತವೆ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಆಮೇಲೆ ಕಾಡು ಎದುರಾಗುತ್ತವೆ. ಆ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಕಾಡಿದೆ. ಪಕ್ಕದ ಶಿಕಾರಿಪುರದವರಲ್ಲೇ ಅದನ್ನು ಕಣ್ಣಾರೆ ಕಂಡವರು ಎಷ್ಟು ಮಂದಿಯೋ. ಆದರೆ ಜಗತ್ತಿನ ಯಾವ ಮೂಲೆಯಲ್ಲಿ ವೈದ್ಯಕೀಯ ಓದುವವರಿಗೂ ಆ ಹೆಸರು ಗೊತ್ತು. ನಾವು 'ಮಂಗನ ಕಾಯಿಲೆ' ಎನ್ನುವ ರೋಗಕ್ಕೆ ಪುಸ್ತಕಗಳಲ್ಲಿರುವ ಹೆಸರು 'ಕ್ಯಾಸನೂರು ಕಾಡಿನ ಕಾಯಿಲೆ'.

1957ರ ಮಾರ್ಚ್ ಹೊತ್ತಿಗೆ ಆ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳುತ್ತಿದ್ದವು. ಅದೇ ಸಮಯದಲ್ಲಿ ಕಾಡಿನಂಚಿನ ಹಳ್ಳಿಗಳ ಜನ ವಿಪರೀತ ಜ್ವರದಿಂದ ಮಲಗಿದರು; ಕೆಲವರು ತೀರಿಕೊಂಡರು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ವಿಜ್ಞಾನಿಗಳು ಬಂದರು. ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ 'ಹಳದಿ ಜ್ವರ' ಆಫ್ರಿಕದಿಂದ ಭಾರತಕ್ಕೂ ಬಂತೇ ಎಂಬುದು ಅವರ ಮೊದಲ ಭಯ. ಪರೀಕ್ಷಿಸಿದಾಗ ಅದಲ್ಲ, ಅದುವರೆಗೆ ಯಾರೂ ಕಾಣದ ಹೊಸ ವೈರಾಣು ಎಂದು ತಿಳಿಯಿತು. ರಷ್ಯಾದ ಕಾಡುಗಳ ಒಂದು ಮಿದುಳು ಜ್ವರದ ವೈರಾಣುವಿಗೆ ಇದು ಹತ್ತಿರದ ಸಂಬಂಧಿ. ಹಾಗಾಗಿ ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಶಂಕೆಯೂ ಹುಟ್ಟಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿ ಹುಡುಕುವ ಸಲೀಂ ಅಲಿಯವರ ದೊಡ್ಡ ಕೆಲಸಕ್ಕೆ ಈ ಶಂಕೆಯೂ ಒಂದು ಕಾರಣವಾಯಿತು. ನಮ್ಮ ಕಾಡಿನ ಜ್ವರವೊಂದು ಹಕ್ಕಿಶಾಸ್ತ್ರಕ್ಕೆ ನೆರವಾದದ್ದು ಹೀಗೆ.

ಹೆಸರಿನಲ್ಲಿ ಮಂಗ ಇರುವುದರಿಂದ ದೋಷವೆಲ್ಲ ಮಂಗದ ಮೇಲೆ ಬಿದ್ದಿದೆ. ನಿಜವಾಗಿ ರೋಗ ಹರಡುವುದು ಉಣುಗು. ಕಾಡಿನ ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳ ಮೈಯಲ್ಲಿ ವೈರಾಣು ಸದ್ದಿಲ್ಲದೆ ಇರುತ್ತದೆ. ಅವುಗಳ ರಕ್ತ ಹೀರಿದ ಉಣುಗು ಅದನ್ನು ಮುಂದಕ್ಕೆ ಒಯ್ಯುತ್ತದೆ. ಮುಸಿಯ ಮತ್ತು ಕೆಂಪು ಮೂತಿಯ ಮಂಗಗಳು ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುವ ಜೀವಿಗಳು. ನಮಗಿಂತ ಮೊದಲು ಸಾಯುತ್ತವೆ, ಅಷ್ಟೇ. ಸತ್ತ ಮಂಗದ ಮೈ ತಣ್ಣಗಾಗುತ್ತಲೇ ಉಣುಗುಗಳು ಉದುರಿ ಸುತ್ತಲಿನ ದರಕಿನಲ್ಲಿ ಹೊಸ ರಕ್ತಕ್ಕಾಗಿ ಕಾಯುತ್ತವೆ. ಅಪಾಯ ಇರುವುದು ಅಲ್ಲಿ.

ಉಣುಗಿಗೂ ಋತುಮಾನವಿದೆ. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನ, ಎಮ್ಮೆ, ಕಾಡೆಮ್ಮೆಗಳ ರಕ್ತ ಹೀರಿ ಮೊಟ್ಟೆ ಇಡುತ್ತವೆ. ಮಳೆ ನಿಂತ ಮೇಲೆ ಮರಿಗಳು ಹೊರಬರುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಎಳ್ಳುಕಾಳಿಗಿಂತ ಚಿಕ್ಕದಾದ ಎಳೆಯ ಉಣುಗುಗಳು ದರಕು, ಹುಲ್ಲು, ಲಂಟಾನದ ಪೊದೆಗಳಲ್ಲಿ ತುಂಬಿರುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಇವೇ. ಅಡಿಕೆ ತೋಟದ ಕೆಲಸ, ಸೌದೆ, ದರಕು ಗುಡಿಸುವುದು, ದನ ಮೇಯಿಸುವುದು, ಇವೆಲ್ಲ ಬೀಳುವುದೂ ಅದೇ ತಿಂಗಳುಗಳಲ್ಲಿ. ಕಾಡು ಕಡಿದು ಗದ್ದೆ, ತೋಟ ಮಾಡಿದಷ್ಟೂ ಮನುಷ್ಯ, ದನ, ಮಂಗ ಒಂದೇ ಅಂಚಿನಲ್ಲಿ ಓಡಾಡಬೇಕಾಯಿತು. ರೋಗ ಹಬ್ಬಿದ್ದು ಆ ಅಂಚಿನಲ್ಲೇ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಕಾಡು ತೆರವಾದಾಗ ರೋಗ ಅಲ್ಲಿ ಭುಗಿಲೆದ್ದಿತು. ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಗಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ಮಲೆನಾಡಿನವರಿಗೆ ನೆನಪಿರಬಹುದು. ಭೂಮಿಯ ಮೇಲಿನ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂಥ ಸಮುದಾಯಗಳೇ ಎಂದು ಕುರ್‌ಆನ್ ತಿಳಿಸುತ್ತದೆ. ಅವುಗಳ ವಾಸಸ್ಥಾನವನ್ನು ನಾವು ಹೊಕ್ಕರೆ ಅವುಗಳ ರೋಗವೂ ನಮ್ಮ ಮನೆ ಹೊಗುತ್ತದೆ.

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. 'ನಾವು ದಿನಕ್ಕೆ ಐದು ಸಲ ವುಝೂ ಮಾಡುವವರು, ನಮಗೆ ಇಂಥ ರೋಗ ಬರುವುದಿಲ್ಲ' ಎಂಬ ಮಾತನ್ನು ನೀವೂ ಕೇಳಿರಬಹುದು. ಭಕ್ತಿಯಿಂದ ಹೇಳಿದರೂ ಮಾತು ತಪ್ಪು. ಉಣುಗು ಚರ್ಮಕ್ಕೆ ಬಾಯಿ ನೆಟ್ಟು ಕೂತಿರುತ್ತದೆ. ಮೇಲೆ ನೀರು ಹರಿದರೆ ಬಿಡುವುದಿಲ್ಲ. ವುಝೂ ನಮಗೆ ಕೊಡುವುದು ಬೇರೊಂದು ಅನುಕೂಲ: ಕಾಲಿನ ಬೆರಳ ಸಂದಿನಿಂದ ಕಣಕಾಲಿನವರೆಗೆ, ಕೈಬೆರಳಿನಿಂದ ಮೊಣಕೈವರೆಗೆ, ಕಿವಿಯ ಹಿಂದೆ, ಕೂದಲಿನ ಮೇಲೆ ನಮ್ಮದೇ ಕೈ ದಿನಕ್ಕೆ ಐದು ಬಾರಿ ಹಾದುಹೋಗುತ್ತದೆ. ಉಣುಗು ಹತ್ತುವುದು ಕಾಲಿನಿಂದಲೇ. ಆ ಹೊತ್ತಿಗೆ ಕಣ್ಣೂ ಕೈಯ ಜೊತೆಗಿದ್ದರೆ, ಅವಸರವಿಲ್ಲದೆ ಬೆರಳಾಡಿಸಿದರೆ, ಸಿಕ್ಕೀತು. ಕಾಲುಚೀಲದ ಮೇಲೆ ಮಸಹ್ ಮಾಡುವ ರೂಢಿ ಇರುವವರು ಕಾಡಿಗೆ ಹೋಗಿಬಂದ ದಿನ ಕಾಲುಚೀಲ ಕಳಚಿ ಕಾಲು ತೊಳೆಯುವುದು ಒಳ್ಳೆಯದು.

ವುಝೂವಿನ ಕೈ ತಲುಪದ ಜಾಗಗಳೇ ಉಣುಗಿಗೆ ಹೆಚ್ಚು ಇಷ್ಟ: ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಸೊಂಟದ ಪಟ್ಟಿಯ ಕೆಳಗೆ, ಹೊಕ್ಕುಳು. ಕಂಕುಳ ಮತ್ತು ಗುಪ್ತಾಂಗದ ಕೂದಲು ತೆಗೆಯುವುದು ಫಿತ್ರತ್‌ನ ಶುಚಿತ್ವದಲ್ಲಿ ಸೇರಿದೆ. ಅದನ್ನು 40 ದಿನಗಳಿಗಿಂತ ಹೆಚ್ಚು ಮುಂದೂಡಬಾರದೆಂದು ಹದೀಸಿನಲ್ಲಿ ಬಂದಿದೆ. ಉಣುಗು ಹುಡುಕುವವರಿಗೆ ಇದರ ಉಪಯೋಗ ಥಟ್ಟನೆ ಅರ್ಥವಾಗುತ್ತದೆ. ಕಾಡಿನಿಂದ ಬಂದವರು ಒಳಗೆ ಕಾಲಿಡುವ ಮೊದಲು ಬಟ್ಟೆ ಕಳಚಿ ಬಿಸಿನೀರಿನಲ್ಲಿ ಹಾಕಲಿ, ಸೋಪು ಹಚ್ಚಿ ಬಿಸಿನೀರು ಸ್ನಾನ ಮಾಡಲಿ. ಬೆನ್ನು, ನೆತ್ತಿ ತಮಗೇ ಕಾಣುವುದಿಲ್ಲ; ಗಂಡನದನ್ನು ಹೆಂಡತಿ, ಹೆಂಡತಿಯದನ್ನು ಗಂಡ, ಮಕ್ಕಳದನ್ನು ತಾಯಿ ನೋಡಬೇಕು. ಹುಡುಗಿಯರ ದಟ್ಟ ಕೂದಲನ್ನು ಬಿಡಿಸಿ ನೋಡುವಷ್ಟು ಪುರುಸೊತ್ತು ಮಾಡಿಕೊಳ್ಳಿ.

ಬಟ್ಟೆಯ ಮಾತು. ಸೀರೆ, ಬುರ್ಖಾ, ಲುಂಗಿಯ ಅಂಚು ದರಕಿನ ಮೇಲೆ ಎಳೆದುಕೊಂಡು ಹೋದರೆ ಉಣುಗುಗಳನ್ನು ಗುಡಿಸಿಕೊಂಡು ಬಂದಂತೆ. ಸೌದೆಗೆ ಹೋಗುವ ಹೆಂಗಸರು ಒಳಗೆ ಪೈಜಾಮ ಹಾಕಿ ಅದರ ತುದಿಯನ್ನು ಕಾಲುಚೀಲದೊಳಗೆ ತೂರಿಸಿ, ಮೇಲಿನ ಬಟ್ಟೆಯನ್ನು ಎತ್ತಿ ಕಟ್ಟಿಕೊಳ್ಳಬೇಕು. ಪ್ಯಾಂಟು ಕಣಕಾಲಿನ ಮೇಲಿರಲಿ ಎನ್ನುವ ಗಂಡಸರು ಉದ್ದದ ಕಾಲುಚೀಲವನ್ನು ಪ್ಯಾಂಟಿನ ಮೇಲಕ್ಕೆ ಎಳೆದುಕೊಂಡರೆ ಎರಡೂ ಆಯಿತು. ತಿಳಿ ಬಣ್ಣದ ಬಟ್ಟೆಯ ಮೇಲೆ ಉಣುಗು ಬೇಗ ಕಾಣುತ್ತದೆ.

ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಮೈಮೇಲೆ ಎಣ್ಣೆ ಇದ್ದರೆ ವುಝೂ ಆಗುತ್ತದೆಯೇ ಎಂದು ಕೆಲವರು ಅದನ್ನು ಮನೆಯಲ್ಲೇ ಬಿಡುತ್ತಾರೆ. ಬಣ್ಣ ಅಥವಾ ಮೇಣದಂತೆ ನೀರನ್ನು ತಡೆಯುವ ಪದರವಲ್ಲ ಅದು. ಮೈಗೆ ಹಚ್ಚುವ ಬೇರೆ ಎಣ್ಣೆಗಳ ಹಾಗೆಯೇ. ಮರೆಯುವುದು ಇನ್ನೊಂದನ್ನು: ಝುಹರ್‌ಗೆ ವುಝೂ ಮಾಡಿದಾಗ ಎಣ್ಣೆ ತೊಳೆದುಹೋಗುತ್ತದೆ. ನಮಾಝ್ ಮುಗಿಸಿ ಮತ್ತೆ ಕೆಲಸಕ್ಕಿಳಿಯುವ ಮೊದಲು ಇನ್ನೊಮ್ಮೆ ಹಚ್ಚಿಕೊಳ್ಳಬೇಕು.

ಆ ನಮಾಝನ್ನು ಎಲ್ಲಿ ಮಾಡುತ್ತೀರಿ ಎಂಬುದೂ ಮುಖ್ಯ. ಈ ಸಮುದಾಯಕ್ಕೆ ಇಡೀ ಭೂಮಿಯೇ ಮಸೀದಿಯಾಗಿದೆ, ನಿಜ. ಹಾಗೆಂದು ಮರದ ನೆರಳಿನ ದರಕಿನ ಮೇಲೆ ಟವೆಲ್ ಹಾಸಿ ಸುಜೂದ್‌ಗೆ ಹೋದರೆ ಹಣೆ, ಅಂಗೈ, ಮಂಡಿ ಎಲ್ಲ ಉಣುಗಿಗೆ ಹತ್ತಿರ. ಬಂಡೆ, ರಸ್ತೆಯ ಬದಿಯ ಬೋಳು ನೆಲ, ಗುಡಿಸಿದ ಕಣ ನೋಡಿಕೊಳ್ಳಿ. ಹಾಸುವ ಬಟ್ಟೆ ಬಿಳಿಯದಾಗಿರಲಿ. ಎತ್ತುವಾಗ ಎರಡೂ ಕಡೆ ನೋಡಿ ಕೊಡವಿ. ಊಟಕ್ಕೆ ಕೂರುವಾಗಲೂ ಹೀಗೆಯೇ.

ಉಣುಗು ಕಚ್ಚಿ ಹಿಡಿದಿದ್ದರೆ ಸುಣ್ಣ, ಸೀಮೆಎಣ್ಣೆ, ಬೀಡಿಯ ಬೆಂಕಿ ಬೇಡ. ಹಾಗೆ ಹಿಂಸಿಸಿದರೆ ಅದು ತನ್ನ ಎಂಜಲನ್ನು ಗಾಯದೊಳಗೆ ಇನ್ನಷ್ಟು ಬಿಡುವ ಸಾಧ್ಯತೆ ಇದೆ. ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಉಗುರಿನಿಂದ ಕುಕ್ಕಿ ಸಾಯಿಸಬೇಡಿ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿ. ಸಾಮಾನ್ಯವಾಗಿ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ.

ಜ್ವರ ಬರುವುದು ದಿಢೀರನೆ. ಚಳಿ, ತಡೆಯಲಾಗದ ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ವಿಪರೀತ ನೋವು, ಕೆಂಪಾದ ಕಣ್ಣು, ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ. ಹೆಚ್ಚಿನವರು ಒಂದೆರಡು ವಾರದಲ್ಲಿ ಗುಣವಾಗುತ್ತಾರೆ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರಳುತ್ತದೆ; ಆಗ ಮಿದುಳಿನ ತೊಂದರೆ, ಕೈಕಾಲು ನಡುಕ, ಮಂಕು ಕವಿಯುವುದು ಇರುತ್ತದೆ. ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೆಂದೇ ಔಷಧಿ ಇಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆ ಅಷ್ಟಾಗಿ ಫಲ ಕೊಡದೆ 2022ರಲ್ಲಿ ನಿಂತಿತು. ಹೊಸದರ ಪ್ರಯತ್ನ ನಡೆದಿದೆ. ಸಕಾಲಕ್ಕೆ ಆಸ್ಪತ್ರೆ ಸೇರುವುದು, ಮೈಯಲ್ಲಿ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಇವೇ ಜೀವ ಉಳಿಸುವುದು.

ನೀರಿನಂಶ ಎಂದಾಗ ರಂಝಾನ್ ನೆನಪಾಗಬೇಕು. ಚಾಂದ್ರಮಾನದ ಲೆಕ್ಕದಲ್ಲಿ ರಂಝಾನ್ ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಈಗಿನ ವರ್ಷಗಳಲ್ಲಿ ಅದು ಬೀಳುತ್ತಿರುವುದು ಫೆಬ್ರವರಿ-ಮಾರ್ಚ್ ಸುಮಾರಿಗೆ, ಅಂದರೆ ಉಣುಗಿನ ಕಾಲದ ನಟ್ಟನಡುವೆ. ಉಪವಾಸ ಇದ್ದವರಿಗೆ ತಲೆನೋವು, ಸುಸ್ತು ಬಂದರೆ 'ಮೊದಲ ವಾರ ಹಾಗೇ, ಇಫ್ತಾರ್ ಆದರೆ ಸರಿಹೋಗುತ್ತದೆ' ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಉಪವಾಸದಿಂದ ತಲೆನೋವು ಬರಬಹುದು, ಚಳಿಜ್ವರ ಬರುವುದಿಲ್ಲ. ಕಾಡು, ತೋಟಕ್ಕೆ ಹೋದವರಿಗೆ ಜ್ವರ ಬಂದರೆ ಇಫ್ತಾರ್‌ವರೆಗೆ ಕಾಯಬೇಡಿ. ಕಾಯಿಲೆಯವರು ಬೇರೆ ದಿನಗಳಲ್ಲಿ ಉಪವಾಸ ಪೂರ್ತಿ ಮಾಡಿಕೊಳ್ಳಲಿ ಎಂಬ ರಿಯಾಯಿತಿಯನ್ನು ಸೂರಃ ಅಲ್ ಬಕರದಲ್ಲಿ ಅಲ್ಲಾಹನೇ ಕೊಟ್ಟಿದ್ದಾನೆ. ಅವನು ಕೊಟ್ಟದ್ದನ್ನು ಬೇಡವೆನ್ನುವ ಹಟ ಹೆಚ್ಚಾಗಿ ಮನೆಯ ಹಿರಿಯರಲ್ಲಿ, ತಾಯಂದಿರಲ್ಲಿ ಕಾಣುತ್ತದೆ. ಅವರಿಗೆ ತಿಳಿಸಿ ಹೇಳುವ ಜವಾಬ್ದಾರಿ ಮಕ್ಕಳದು.

ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸಬಹುದು. ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದಷ್ಟು. ವೈದ್ಯರ ಮುಂದೆ ಮೊದಲ ಮಾತೇ 'ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತು' ಎಂದಿರಲಿ. ಆಗ ಅವರು ರಕ್ತದ ಮಾದರಿಯನ್ನು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸುವ ಯೋಚನೆ ಮಾಡುತ್ತಾರೆ.

ರೋಗಿಯಿಂದ ಇನ್ನೊಬ್ಬರಿಗೆ ಈ ಕಾಯಿಲೆ ಅಂಟುವುದಿಲ್ಲ. ಆದ್ದರಿಂದ ರೋಗಿಯನ್ನು ನೋಡಿಬರುವ ಸುನ್ನತ್ ಬಿಡಬೇಕಿಲ್ಲ, ತಟ್ಟೆ-ಲೋಟ ಬೇರೆ ಇಡಬೇಕಿಲ್ಲ. ರಕ್ತ ಒರೆಸುವಾಗ, ಮಯ್ಯಿತ್‌ಗೆ ಗುಸ್ಲ್ ಕೊಡುವಾಗ ಕೈಗವಸು ಹಾಕಿದರೆ ಸಾಕು.

'ಬರೆದಿದ್ದರೆ ಬಂದೇ ಬರುತ್ತದೆ, ಎಣ್ಣೆ ಯಾಕೆ, ಕಾಲುಚೀಲ ಯಾಕೆ' ಎನ್ನುವವರಿಗೆ ಹಝ್ರತ್ ಉಮರ್(ರ)ರ ಘಟನೆಯನ್ನು ನೆನಪಿಸಬಹುದು. ಅವರು ಶಾಮ್ ದೇಶಕ್ಕೆ ಹೊರಟಿದ್ದಾಗ ಸರ್ಗ್ ಎಂಬಲ್ಲಿ, ಮುಂದೆ ಪ್ಲೇಗ್ ಹರಡಿದೆ ಎಂಬ ಸುದ್ದಿ ಬಂತು. ಅವರು ಹಿಂತಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂದು ಉಮರ್(ರ) ಉತ್ತರಿಸಿದರು. ಜೊತೆಗೊಂದು ಉದಾಹರಣೆ ಕೊಟ್ಟರು: ಕಣಿವೆಯ ಒಂದು ಬದಿ ಹಸಿರಾಗಿ, ಇನ್ನೊಂದು ಬದಿ ಬೋಳಾಗಿದ್ದರೆ, ಒಂಟೆಯನ್ನು ಯಾವ ಬದಿಯಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ? ದನ ಮೇಯಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದನದ ಮಾತು ಬಂದದ್ದರಿಂದ ಕೊಟ್ಟಿಗೆಯನ್ನೂ ನೋಡೋಣ. ದನಗಳಿಗೆ ಈ ರೋಗ ಬಾಧಿಸದು. ಆದರೆ ಉಣುಗಿಗೆ ಆಹಾರ ಅವುಗಳೇ. ಕಾಡಿಗೆ ಹೋಗಿಬರುವ ದನ, ಆಡುಗಳ ಕಿವಿ, ಕುತ್ತಿಗೆ, ಕೆಚ್ಚಲ ಸುತ್ತ ನೋಡುತ್ತಿರಿ. ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಾಕಿಸಿ. ಕೊಟ್ಟಿಗೆಗೆ ಹಾಸಲು ತಂದ ದರಕಿನ ರಾಶಿ ಮಲಗುವ ಕೋಣೆಯ ಗೋಡೆಗೆ ತಾಗಿ ಬೇಡ, ದೂರವಿರಲಿ. ಮಕ್ಕಳು ಅದರ ಮೇಲೆ ಹಾರಿ ಆಡದಿರಲಿ. ಬಕ್ರೀದ್ ಕೂಡ ಈಗ ಮೇ ತಿಂಗಳಿಗೆ ಸರಿದಿದೆ. ಕುರ್ಬಾನಿಗೆ ತಂದ ಆಡನ್ನು ಮಕ್ಕಳು ತಬ್ಬಿಕೊಂಡು ಮುದ್ದಿಸುವ ಮೊದಲು ಅದರ ಮೈ ಒಮ್ಮೆ ನೋಡಿ.

ಕಾಡಿನಲ್ಲಾಗಲಿ ತೋಟದಲ್ಲಾಗಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಕೋಲಿನಿಂದ ತಿರುವಿ ನೋಡಬೇಡಿ, ನೀವೇ ಹೂಳಲು ಹೊರಡಬೇಡಿ. ಜಾಗ ಗುರುತಿಟ್ಟುಕೊಂಡು ಬಂದು ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಸಿಬ್ಬಂದಿಗೆ ಅದೇ ದಿನ ತಿಳಿಸಿ. ಅವರು ಬಂದು ಪರೀಕ್ಷೆಗೆ ಮಾದರಿ ತೆಗೆದು, ಕಳೇಬರ ಸುಟ್ಟು, ಸುತ್ತಲೂ 50 ಅಡಿಯವರೆಗೆ ಕೀಟನಾಶಕ ಪುಡಿ ಹಾಕುತ್ತಾರೆ. ಬದುಕಿರುವ ಮಂಗಗಳನ್ನು ಹೆದರಿಕೆಯಿಂದ ಕಲ್ಲು ಹೊಡೆದು, ವಿಷವಿಟ್ಟು ಕೊಲ್ಲುವುದು ಪಾಪ. ಅದರಿಂದ ಉಣುಗು ಒಂದೂ ಕಡಿಮೆಯಾಗುವುದಿಲ್ಲ. ಊರಿನ ಮಸೀದಿಯಲ್ಲಿ ಜುಮಾ ಆದ ಮೇಲೆ, ಡಿಸೆಂಬರ್ ಶುರುವಿನಲ್ಲೇ, ಎಣ್ಣೆ ಎಲ್ಲಿ ಸಿಗುತ್ತದೆ, ಯಾವ ಕಡೆ ಮಂಗ ಸತ್ತಿದೆ ಎಂಬ ಎರಡು ವಾಕ್ಯದ ಪ್ರಕಟಣೆ ಮಾಡುವಂತೆ ನಿಮ್ಮ ಜಮಾಅತ್ ಸಮಿತಿಯವರನ್ನು ಕೇಳಿಕೊಳ್ಳಿ. ಗಂಡಸರು ಅದನ್ನು ಮನೆಗೆ ಹೋಗಿ ಹೇಳಬೇಕು. ಸೌದೆಗೆ ಹೋಗುವವರು ಹೆಚ್ಚಾಗಿ ಮನೆಯ ಹೆಂಗಸರೇ.