ಕಲ್ಯಾಣ ಹುಮನಾಬಾದುಗಳ ನೆರೆನುಡಿಗಳು

ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಾಗಲಿ ಅದರ ನೆರೆಯ ಹುಮನಾಬಾದಿನಲ್ಲಾಗಲಿ ಸಂತೆಯ ದಿನ ಸ್ವಲ್ಪ ಹೊತ್ತು ನಿಂತು ಕೇಳಿದವರಿಗೆ, ಒಂದೇ ವ್ಯಾಪಾರದ ನಡುವೆ ಕನ್ನಡ, ಮರಾಠಿ, ದಖ್ಖನಿ ಉರ್ದು ಈ ಮೂರೂ ಕಿವಿಗೆ ಬೀಳುವುವು. ತೆಲುಗಿನ ಸೀಮೆಯೂ ದೂರವಿಲ್ಲ. ಇದನ್ನು ಕಂಡು ವಿದ್ಯಾವಂತರು ಎರಡು ಬಗೆಯ ಅಭಿಪ್ರಾಯಗಳನ್ನು ಹೇಳುವುದುಂಟು. ಕನ್ನಡವೂ ಮರಾಠಿಯೂ ಇಷ್ಟು ಹತ್ತಿರವಾಗಿರುವುದರಿಂದ ಒಂದು ಮತ್ತೊಂದರಿಂದ ಹುಟ್ಟಿರಬೇಕೆಂಬುದು ಮೊದಲನೆಯದು. ಅಲ್ಲಿಯ ಜನ ಆಡುವುದು ಎರಡೂ ಅಲ್ಲದ ಒಂದು ಕೆಟ್ಟ ಬೆರಕೆಯೆಂಬುದು ಎರಡನೆಯದು. ಮೊದಲನೆಯ ಮಾತು ಗಡಿಯ ವ್ಯಾಜ್ಯಕ್ಕೆ ಎಣ್ಣೆ ಹೊಯ್ಯುವುದು. ಎರಡನೆಯದು ಶಾಲೆಯ ಮಗುವನ್ನು ಅದರ ಮನೆಯ ಮಾತಿಗಾಗಿ ನಾಚಿಸುವುದು. ಈ ಎರಡೂ ಎಷ್ಟರಮಟ್ಟಿಗೆ ನಿಲ್ಲತಕ್ಕವೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಹುಟ್ಟಿನ ವಿಚಾರ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ ಅವರು 1786ರಲ್ಲಿ ಸೂಚಿಸಿದರು. ದ್ರಾವಿಡ ಭಾಷೆಗಳು ಬೇರೊಂದು ಕುಲವೆಂಬುದನ್ನು ಬಿಷಪ್ ಕಾಲ್ಡ್‌ವೆಲ್ ಅವರು 1856ರಲ್ಲಿ ತಮ್ಮ ತೌಲನಿಕ ವ್ಯಾಕರಣದಲ್ಲಿ ವಿಸ್ತಾರವಾಗಿ ತೋರಿಸಿದರು. ಮರಾಠಿಯು ಮಹಾರಾಷ್ಟ್ರೀ ಪ್ರಾಕೃತದ ಪರಂಪರೆಗೆ ಸೇರಿದುದು. ಆದಕಾರಣ ಸಮುದ್ರದಾಚೆಯ ಇಟಲಿಯ ಭಾಷೆಗೂ ಸೆರ್ಬಿಯದ ಭಾಷೆಗೂ ಅದು ದೂರದ ದಾಯಾದಿ. ಸಂಖ್ಯಾವಾಚಕಗಳನ್ನು ನೋಡಿದರೆ ಇದು ತಾನಾಗಿಯೇ ತಿಳಿಯುವುದು. ಮರಾಠಿಯ ‘ದೋನ್, ತೀನ್, ದಹಾ’ ಎಂಬುವು ಇಟಲಿಯವರಲ್ಲಿ ‘ದೂಯೆ, ತ್ರೆ, ದ್ಯೇಚಿ’. ಸೆರ್ಬಿಯದವರಲ್ಲಿ ‘ದ್ವಾ, ತ್ರಿ, ದೆಸೆತ್’. ನಮ್ಮ ‘ಎರಡು, ಮೂರು, ಹತ್ತು’ ಈ ಪಂಕ್ತಿಯಲ್ಲಿ ಕೂಡುವುದಿಲ್ಲ. ಹುಟ್ಟನ್ನು ಹಿಡಿದು ಹೇಳುವುದಾದರೆ, ಕಲ್ಯಾಣದ ಪೇಟೆಯ ಮರಾಠಿಗೆ ಮಗ್ಗುಲ ಅಂಗಡಿಯ ಕನ್ನಡಕ್ಕಿಂತ ರೋಮ್ ನಗರದ ಮಾತೇ ಹತ್ತಿರದ ನೆಂಟು.

ಹೀಗಿದ್ದರೂ ಮಾತು ವಾಕ್ಯವಾಗಿ ಹೊರಟಾಗ ಈ ನೆಂಟಸ್ತಿಕೆ ಹಿಂದಕ್ಕೆ ಸರಿದು ನೆರೆತನವು ಮುಂದೆ ಬರುವುದು. ‘ಅವನು ಬರುತ್ತೇನೆ ಎಂದು ಹೇಳಿದನು’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ‘ಎಂದು’ ಎಂಬುದು ‘ಎನ್’ ಎಂಬ ಧಾತುವಿನಿಂದ ಬಂದುದು. ಅದರ ಮೂಲಾರ್ಥ ‘ಹೇಳಿ’. ಮರಾಠಿಯವರು ‘ತ್ಯಾನೇ ಯೇತೋ ಮ್ಹಣೂನ್ ಸಾಂಗಿತಲೇ’ ಎನ್ನುವರು. ಇಲ್ಲಿಯ ‘ಮ್ಹಣೂನ್’ ಕೂಡ ‘ಹೇಳಿ’ ಎಂಬ ಅರ್ಥದ ಕೃದಂತವೇ. ದಖ್ಖನಿಯಲ್ಲಿ ‘ಉನೇ ಆತೂಂ ಬೋಲ್ಕೆ ಬೋಲ್ಯಾ’. ‘ಬೋಲ್ಕೆ’ ಎಂದರೂ ‘ಹೇಳಿ’ ಎಂದೇ. ಪದಗಳು ಮೂರು ಬಗೆ, ಅಚ್ಚು ಒಂದೇ. ದಿಲ್ಲಿಯ ಉರ್ದುವಿನವರು ಇದೇ ಅರ್ಥಕ್ಕೆ ‘ಕಿ’ ಎಂಬ ಶಬ್ದವನ್ನು ನಡುವೆ ಇಟ್ಟು ಆಡಿದ ಮಾತನ್ನು ಆಮೇಲೆ ಹೇಳುವರು. ಇಟಲಿಯವರು ‘ಕೆ’ ಎಂದೂ ಸೆರ್ಬಿಯದವರು ‘ದಾ’ ಎಂದೂ ಹಾಗೆಯೇ ಮಾಡುವರು. ಸಂಸ್ಕೃತದ ‘ಇತಿ’ಯೂ ಆಡಿದ ಮಾತಿನ ಕೊನೆಯಲ್ಲಿ ಬರುವುದೆಂದು ಕೆಲವರು ಆಕ್ಷೇಪಿಸಬಹುದು; ಅದು ದಿಟ. ಆದರೆ ‘ಇತಿ’ಯು ‘ಹೇಳು’ ಎಂಬ ಧಾತುವಿನಿಂದ ಆದುದಲ್ಲ. ಹೀಗೆಯೇ ನಾವು ‘ಹೋಗಿ ನೋಡಿ ಬಂದೆನು’ ಎನ್ನುವಲ್ಲಿ ಮರಾಠಿಯವರು ‘ಜಾಊನ್ ಪಾಹೂನ್ ಆಲೋ’ ಎನ್ನುವರು. ‘ನನಗೆ ನೀರು ಬೇಕು’ ಎನ್ನುವಲ್ಲಿ ‘ಮಲಾ ಪಾಣೀ ಪಾಹಿಜೆ’ ಎನ್ನುವರು. ಒಂದರ ಮೇಲೊಂದನ್ನು ಇಟ್ಟರೆ ಅಂಚಿಗೆ ಅಂಚು ಕೂಡುವುದು.

ಹಾಗೆಂದು ಭೇದಗಳು ಅಳಿದುಹೋಗಿವೆ ಎನ್ನಲಾಗದು. ಕಲ್ಲು, ಗೋಡೆ, ಮನೆ ಮೂರೂ ನಮಗೆ ನಪುಂಸಕ. ನಮ್ಮ ಲಿಂಗವಿವೇಕ ಅರ್ಥವನ್ನು ಅನುಸರಿಸುವುದು. ಮರಾಠಿಯಲ್ಲಿ ‘ದಗಡ’ ಪುಲ್ಲಿಂಗ, ‘ಭಿಂತ’ ಸ್ತ್ರೀಲಿಂಗ, ‘ಘರ’ ನಪುಂಸಕ. ಇದನ್ನು ಪದಪದಕ್ಕೂ ಕಲಿಯಬೇಕು. ಮತ್ತೊಂದು ಭೇದ ಇನ್ನೂ ಸೂಕ್ಷ್ಮವಾದುದು. ಮಾವಿನಹಣ್ಣನ್ನು ತಿಂದರೂ ರೊಟ್ಟಿಯನ್ನು ತಿಂದರೂ ನಾವು ‘ತಿಂದೆನು’ ಎಂದೇ ಹೇಳುವೆವು. ಮರಾಠಿಯಲ್ಲಿ ‘ಮೀ ಆಂಬಾ ಖಾಲ್ಲಾ’, ಆದರೆ ‘ಮೀ ಭಾಕರೀ ಖಾಲ್ಲೀ’. ಭೂತಕಾಲದಲ್ಲಿ ಕ್ರಿಯಾಪದವು ತಿಂದವನನ್ನು ಬಿಟ್ಟು ತಿಂದ ವಸ್ತುವಿನ ಲಿಂಗವನ್ನು ಹಿಡಿಯುವುದು. ಕನ್ನಡದ ಮನೆಯ ಹುಡುಗನು ಮರಾಠಿ ಕಲಿಯುವಾಗ ಇಲ್ಲಿ ಎಡವುವುದು ಸಹಜ. ಅದು ಮಂದಬುದ್ಧಿಯ ಗುರುತಲ್ಲ.

ಎಲ್ಲಕ್ಕಿಂತ ವಿನೋದವಾದ ಸಂಗತಿ ‘ನಾವು’ ಎಂಬ ಪದದ್ದು. ‘ನಾವು ನಾಳೆ ಜಾತ್ರೆಗೆ ಹೋಗಬೇಕು’ ಎಂದರೆ, ಕೇಳುವವನೂ ಅದರಲ್ಲಿ ಸೇರಿದನೋ ಇಲ್ಲವೋ ಕನ್ನಡದಲ್ಲಿ ಸ್ಪಷ್ಟವಾಗದು. ಮರಾಠಿಯಲ್ಲಿ ಕೇಳುವವನನ್ನು ಹೊರಗಿಟ್ಟರೆ ‘ಆಮ್ಹೀ’, ಸೇರಿಸಿಕೊಂಡರೆ ‘ಆಪಣ’. ತೆಲುಗಿನ ‘ಮೇಮು, ಮನಮು’ ಎಂಬುವೂ ಹೀಗೆಯೇ. ಇದು ದ್ರಾವಿಡ ಕುಲದ ಹಳೆಯ ಸೊತ್ತು. ಸಂಸ್ಕೃತದಲ್ಲಿಲ್ಲದ ಈ ಭೇದವನ್ನು ಮರಾಠಿಯು ದ್ರಾವಿಡ ನುಡಿಗಳ ಸಹವಾಸದಿಂದ ಪಡೆಯಿತೆಂದು ಭಾಷಾಶಾಸ್ತ್ರಜ್ಞರು ಎಣಿಸುವರು. ಮನೆಯ ಮಗಳಾದ ಕನ್ನಡವು ಕಳೆದುಕೊಂಡ ಒಡವೆಯನ್ನು ನೆರೆಮನೆಯವಳು ಜತನದಿಂದ ತೊಟ್ಟುಕೊಂಡಿರುವಳು. ಪದಗಳಲ್ಲಿಯೂ ಕೊಳುಕೊಡೆ ಉಂಟು: ನಮ್ಮ ತುಪ್ಪ ಅವರಲ್ಲಿ ‘ತೂಪ’, ನಮ್ಮ ಅಡಕತ್ತರಿಯ ಬಂಧು ಅವರ ‘ಅಡಕಿತ್ತಾ’, ಅಕ್ಕ, ಅಣ್ಣ ಎಂದು ಅವರೂ ಕರೆಯುವರು. ಬಡಗಣ ಕನ್ನಡಿಗರ ‘ಬರೋಬ್ಬರಿ’ಯಾದರೋ ಪಾರಸಿಯಲ್ಲಿ ಹುಟ್ಟಿ ಮರಾಠಿಯ ಮೂಲಕ ಬಂದುದು.

ಈ ಸಹವಾಸ ನಿನ್ನೆಯದಲ್ಲ. ಕಲ್ಯಾಣವು 11ನೆಯ ಶತಮಾನದಲ್ಲಿ ಚಾಳುಕ್ಯರ ರಾಜಧಾನಿಯಾಯಿತು. ಆ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಸಂಗೀತಭಾಗದಲ್ಲಿ ಕನ್ನಡ ಹಾಡುಗಳ ಮಾದರಿಯೂ ಮರಾಠಿಯ ಮಾದರಿಯೂ ಉಂಟು. ಅದೇ ಶತಮಾನದಲ್ಲಿ ಅದೇ ಊರಿನಲ್ಲಿ ಬಸವಣ್ಣನವರ ಮತ್ತು ಅವರ ಸಂಗಡಿಗರ ವಚನಗಳು ಬೆಳೆದುವು. ಹುಮನಾಬಾದಿನ ಮಗ್ಗುಲ ಮಾಣಿಕನಗರದಲ್ಲಿ ನೆಲೆಸಿದ ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದುಸ್ತಾನಿಗಳಲ್ಲಿ ಪದಗಳನ್ನು ರಚಿಸಿದರು. ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ಅರ್ಜಿ, ವಕೀಲ, ದಫ್ತರಗಳು ಎಲ್ಲರ ಬಾಯಲ್ಲಿಯೂ ನೆಲಸಿದುವು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಭಾಷೆಗಳನ್ನು ಅನುಸರಿಸಿ ಹಳೆಯ ಬೀದರ ಜಿಲ್ಲೆಯನ್ನು ಹಂಚಿದಾಗ, ಕಲ್ಯಾಣ ಹುಮನಾಬಾದುಗಳು ಮೈಸೂರಿಗೂ, ಉದಗೀರ ನಿಲಂಗಾಗಳು ಮುಂಬಯಿಗೂ, ಜಹೀರಾಬಾದು ಆಂಧ್ರಕ್ಕೂ ಸೇರಿದುವು. ಆಡಳಿತಕ್ಕೆ ಗೆರೆ ಬೇಕು, ಎಳೆದರು. ಆದರೆ ವಾಕ್ಯರಚನೆ ಆ ಗೆರೆಯನ್ನು ಅನುಸರಿಸಿ ಬೆಳೆದುದಲ್ಲ.

ಇಂಥ ಸಂಗತಿ ನಮ್ಮಲ್ಲಿ ಮಾತ್ರವೇ ನಡೆದುದೆಂದು ತಿಳಿಯಬೇಕಾಗಿಲ್ಲ. ಇಟಲಿಯ ಮೊಲೀಸೆ ಪ್ರಾಂತದ ಕೆಲವು ಹಳ್ಳಿಗಳಲ್ಲಿ, ಸುಮಾರು ಐನೂರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದ ಸ್ಲಾವ್ ಜನರ ವಂಶದವರಿದ್ದಾರೆ. ಅವರ ನುಡಿ ಸೆರ್ಬಿಯದ ಭಾಷೆಗೆ ಒಡಹುಟ್ಟು. ಆ ಕುಲದಲ್ಲಿಲ್ಲದ, ‘ಒಂದು’ ಎಂಬ ಅರ್ಥದ ಅನಿಶ್ಚಿತ ಉಪಪದವನ್ನು ಅವರು ಇಟಲಿಯವರ ಮಾದರಿಯಲ್ಲಿ ಬೆಳೆಸಿಕೊಂಡರು. ನಮ್ಮ ಮಗ್ಗುಲ ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾದುದು. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳು ಪದಗಳನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡು, ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದಾದಷ್ಟು ರಚನೆಯಲ್ಲಿ ಒಂದಾಗಿವೆಯೆಂದು ಅವರು ತೋರಿಸಿದರು. ಮನೆಯ ನುಡಿಯನ್ನು ಬಿಡಲೊಲ್ಲದ ಜನ ದಿನವೂ ಪರಸ್ಪರ ಮಾತನಾಡಬೇಕಾದಾಗ ಕಂಡುಕೊಳ್ಳುವ ಉಪಾಯವಿದು.

ಆದಕಾರಣ ಮೇಲೆ ಹೇಳಿದ ಎರಡು ಅಭಿಪ್ರಾಯಗಳೂ ನಿಲ್ಲವು. ಸಾಮ್ಯವು ಹುಟ್ಟಿನಿಂದ ಬಂದುದಲ್ಲವಾದ್ದರಿಂದ, ನಾಲ್ಕು ಪದಗಳನ್ನು ತೋರಿಸಿ ಒಂದೂರು ಯಾರದೆಂದು ತೀರ್ಮಾನಿಸಲಾಗದು. ಹುಮನಾಬಾದಿನ ಮಾತಿಗೆ ತನ್ನದೇ ನಿಯಮಗಳಿರುವುದರಿಂದ ಅದನ್ನು ಕೆಟ್ಟ ಬೆರಕೆಯೆನ್ನಲೂ ಆಗದು. ಅಲ್ಲಿಯ ಉಪಾಧ್ಯಾಯರು ಮಗುವಿನ ವಾಕ್ಯವನ್ನು ತಿದ್ದುವ ಮೊದಲು ಮೂರು ಭಾಷೆಗಳ ಅದೇ ವಾಕ್ಯವನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಲಿ. ಗ್ರಂಥದ ಕನ್ನಡವನ್ನು ಕಲಿಸಬೇಕಾದುದು ಅವಶ್ಯ. ಮನೆಯ ಮಾತನ್ನು ಹಳಿಯದೆಯೂ ಅದನ್ನು ಕಲಿಸಬಹುದು.