ಮನೆಯ ಸಂಗೀತಕ್ಕೆ ಆ್ಯಕ್ಟಿವ್ ಸ್ಪೀಕರ್: ಖರೀದಿಗೆ ಮುನ್ನ ತಿಳಿಯಬೇಕಾದುದು

ಸ್ಪೀಕರಿನ ರಟ್ಟಿನ ಪೆಟ್ಟಿಗೆಯ ಮೇಲೆ '3000 ವ್ಯಾಟ್ ಪಿ.ಎಂ.ಪಿ.ಓ.' ಎಂದು ದಪ್ಪಕ್ಷರದಲ್ಲಿ ಮುದ್ರಿತವಾಗಿರುತ್ತದೆ. ಸಾಧನವನ್ನು ಹೊರತೆಗೆದು ಹಿಂಬದಿಯ ಚಿಕ್ಕ ಪಟ್ಟಿಯನ್ನು ಓದಿದರೆ ವಿದ್ಯುತ್ ಬಳಕೆ ಕೇವಲ 60 ವ್ಯಾಟ್ ಎಂದಿರುತ್ತದೆ. ಗೋಡೆಯ ಸಾಕೆಟ್ಟಿನಿಂದ 60 ವ್ಯಾಟ್ ಪಡೆಯುವ ಯಂತ್ರವು ಅದಕ್ಕಿಂತ ಹೆಚ್ಚಿನ ಶಕ್ತಿಯನ್ನು ನಿರಂತರವಾಗಿ ಹೊರಹಾಕುವುದು ಸಾಧ್ಯವಿಲ್ಲ. ಪಿ.ಎಂ.ಪಿ.ಓ. ಎಂಬುದಕ್ಕೆ ಒಪ್ಪಿತವಾದ ಅಳತೆಯ ವಿಧಾನವೇ ಇಲ್ಲ. ಅಮೆರಿಕದಲ್ಲಿ ಇಂತಹ ಉತ್ಪ್ರೇಕ್ಷಿತ ಅಂಕಿಗಳ ಹಾವಳಿಯನ್ನು ತಡೆಯಲು 1974ರಷ್ಟು ಹಿಂದೆಯೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರುಗಳ ಶಕ್ತಿಯನ್ನು ಅಳೆದು ಪ್ರಕಟಿಸುವ ಬಗ್ಗೆ ನಿಯಮ ರೂಪಿಸಿತು. ಗ್ರಾಹಕರು ಕೇಳಬೇಕಾದುದು, ವರ್ತಕರು ಹೇಳಬೇಕಾದುದು ಆರ್.ಎಂ.ಎಸ್. ಅಥವಾ ನಿರಂತರ ಶಕ್ತಿಯ ಅಂಕಿಯನ್ನು ಮಾತ್ರ.

ವ್ಯಾಟುಗಳ ಗೊಂದಲಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಗೊಂದಲವಿದೆ. ಒಳಗೆ ಆಂಪ್ಲಿಫೈಯರ್ ಇರುವ ಸ್ಪೀಕರುಗಳನ್ನೆಲ್ಲ 'ಆ್ಯಕ್ಟಿವ್' ಎಂದು ಕರೆಯುವುದು ಮಾರುಕಟ್ಟೆಯಲ್ಲಿ ರೂಢಿಯಾಗಿದೆ. ತಾಂತ್ರಿಕವಾಗಿ ಇದು ಸರಿಯಲ್ಲ. ಬೆಲೆಯ ದೃಷ್ಟಿಯಿಂದಲೂ ಸರಿಯಲ್ಲ.

ಆ್ಯಕ್ಟಿವ್ ಮತ್ತು ಪವರ್ಡ್

ಸಾಮಾನ್ಯ ಸ್ಪೀಕರ್ ಪೆಟ್ಟಿಗೆಯಲ್ಲಿ ತಗ್ಗುಸ್ವರಗಳಿಗೆ ಒಂದು ವೂಫರ್, ಹೆಚ್ಚುಸ್ವರಗಳಿಗೆ ಒಂದು ಟ್ವೀಟರ್ ಇರುತ್ತವೆ. ಯಾವ ಸ್ವರ ಯಾವುದಕ್ಕೆ ಹೋಗಬೇಕೆಂದು ವಿಭಾಗಿಸುವ ಮಂಡಲಕ್ಕೆ ಕ್ರಾಸೋವರ್ ಎಂದು ಹೆಸರು. ಪ್ಯಾಸಿವ್ ವ್ಯವಸ್ಥೆಯಲ್ಲಿ ಹೊರಗಿನ ಆಂಪ್ಲಿಫೈಯರಿನಿಂದ ಬಂದ ಪೂರ್ಣ ಶಕ್ತಿಯು ತಾಮ್ರದ ಕಾಯಿಲ್ ಹಾಗೂ ಕೆಪಾಸಿಟರುಗಳಿಂದಾದ ಕ್ರಾಸೋವರಿನ ಮೂಲಕ ಹಾದುಹೋಗುತ್ತದೆ. ಕಾಯಿಲಿನ ರೋಧದಲ್ಲಿ ಒಂದಿಷ್ಟು ಶಕ್ತಿ ಬಿಸಿಯಾಗಿ ವ್ಯಯವಾಗುತ್ತದೆ. ಅಲ್ಲದೆ ಆಂಪ್ಲಿಫೈಯರಿಗೆ ವೂಫರಿನ ಚಲನೆಯ ಮೇಲಿರುವ ಹಿಡಿತವೂ ಸಡಿಲಗೊಳ್ಳುತ್ತದೆ.

ನಿಜವಾದ ಆ್ಯಕ್ಟಿವ್ ಸ್ಪೀಕರಿನಲ್ಲಿ ಈ ಕ್ರಮ ತಿರುಗುಮುರುಗು. ಸಂಕೇತವು ಇನ್ನೂ ಕ್ಷೀಣವಾಗಿರುವಾಗಲೇ ಅದನ್ನು ವಿದ್ಯುನ್ಮಾನ ಮಂಡಲವು ವಿಭಾಗಿಸುತ್ತದೆ. ಬಳಿಕ ವೂಫರಿಗೆ ಒಂದು, ಟ್ವೀಟರಿಗೆ ಒಂದು ಎಂಬಂತೆ ಪ್ರತ್ಯೇಕ ಆಂಪ್ಲಿಫೈಯರುಗಳು ಅದನ್ನು ವರ್ಧಿಸಿ ನೇರವಾಗಿ ತಲುಪಿಸುತ್ತವೆ. ಜೋರು ಮೃದಂಗದ ಹೊಡೆತಕ್ಕೆ ವೂಫರಿನ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದರೂ ಪಿಟೀಲಿನ ನಾದವನ್ನು ನೀಡುತ್ತಿರುವ ಟ್ವೀಟರಿಗೆ ಅದರ ತೊಂದರೆ ತಟ್ಟುವುದಿಲ್ಲ. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಮತ್ತು ರಸ್ ರೈಲಿ ರೂಪಿಸಿ, 1976ರಲ್ಲಿ ಪ್ರಕಟವಾದ ವಿಭಜನಾ ವಿಧಾನವು ಇಂದಿಗೂ ಬಹುತೇಕ ಆ್ಯಕ್ಟಿವ್ ವಿನ್ಯಾಸಗಳಲ್ಲಿ ಬಳಕೆಯಲ್ಲಿದೆ. 1978ರಲ್ಲಿ ಆರಂಭವಾದ ಫಿನ್ಲೆಂಡಿನ ಜೆನೆಲೆಕ್ ಸಂಸ್ಥೆಯ ಮೊದಲ ಉತ್ಪನ್ನವೇ ಆ ದೇಶದ ಪ್ರಸಾರ ಸಂಸ್ಥೆಗಾಗಿ ತಯಾರಿಸಿದ ಆ್ಯಕ್ಟಿವ್ ಮಾನಿಟರ್. ನಮ್ಮಲ್ಲಿ ಕೋಲ್ಕತ್ತದ ಸೋನೋಡೈನ್ ಇಂತಹ ಸ್ಪೀಕರುಗಳನ್ನು ದೇಶದಲ್ಲೇ ತಯಾರಿಸಿದ ಸಂಸ್ಥೆಯಾಗಿದೆ.

'ಪವರ್ಡ್' ಎಂಬುದು ಬೇರೆ. ಇಲ್ಲಿ ಪ್ಯಾಸಿವ್ ಸ್ಪೀಕರಿನ ಆಂಪ್ಲಿಫೈಯರನ್ನು ಹೊರಗಿಡುವ ಬದಲು ಒಳಗೆ ಇಟ್ಟಿರುತ್ತಾರೆ, ಅಷ್ಟೆ. ಅನೇಕ ಜೋಡಿಗಳಲ್ಲಿ ಒಂದೇ ಪೆಟ್ಟಿಗೆಯಲ್ಲಿ ಎರಡೂ ಬದಿಯ ಆಂಪ್ಲಿಫೈಯರುಗಳಿದ್ದು, ಇನ್ನೊಂದು ಪೆಟ್ಟಿಗೆ ಎರಡೆಳೆಯ ತಂತಿಯಲ್ಲಿ ಅದಕ್ಕೆ ಜೋತುಬಿದ್ದಿರುತ್ತದೆ. ಅಂಗಡಿಯಲ್ಲೇ ಇದನ್ನು ಗುರುತಿಸಬಹುದು. ಜೋಡಿಸುವ ತಂತಿಯಲ್ಲಿ ಎರಡೇ ಎಳೆಗಳಿದ್ದರೆ, ವೂಫರ್ ಮತ್ತು ಟ್ವೀಟರಿಗೆ ಬೇರೆಬೇರೆ ಶಕ್ತಿ ಸಾಗಿಸಲು ಅದರಲ್ಲಿ ದಾರಿಯಿಲ್ಲ. ಅದು ಪವರ್ಡ್ ಎಂದೇ ತಿಳಿಯಬೇಕು. ವಿವರಪಟ್ಟಿಯಲ್ಲಿ ಒಂದು ಪೆಟ್ಟಿಗೆಗೆ '50 + 25 ವ್ಯಾಟ್' ಎಂಬಂತೆ ಎರಡು ಅಂಕಿಗಳಿದ್ದರೆ, ಅಥವಾ 'ಬೈ-ಆಂಪ್' ಎಂಬ ಮಾತಿದ್ದರೆ, ಅದು ಆ್ಯಕ್ಟಿವ್ ಎನ್ನುವುದಕ್ಕೆ ಬಲವಾದ ಸೂಚನೆ. ಪವರ್ಡ್ ಸ್ಪೀಕರ್ ಕೀಳು ಎಂದು ಇದರ ಅರ್ಥವಲ್ಲ. ಚೆನ್ನಾಗಿ ವಿನ್ಯಾಸಗೊಳಿಸಿದ ಪವರ್ಡ್ ಜೋಡಿಯು ಅಗ್ಗದ ಆ್ಯಕ್ಟಿವ್ ಜೋಡಿಗಿಂತ ಮೇಲಾಗಿರಬಹುದು. ಆದರೆ ಒಂದರ ಬೆಲೆಗೆ ಇನ್ನೊಂದನ್ನು ಕೊಳ್ಳುವಂತಾಗಬಾರದು.

ವರ್ತಕರಿಗೆ ಇದು ಬರಿಯ ಪದಗಳ ಜಗಳವಲ್ಲ. ಸರಕಿನ ಗುಣಮಟ್ಟ ಅಥವಾ ದರ್ಜೆಯ ಬಗ್ಗೆ ಬರಹದಲ್ಲಾಗಲಿ ಬಾಯಿಮಾತಿನಲ್ಲಾಗಲಿ ತಪ್ಪು ಹೇಳಿಕೆ ನೀಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ತಯಾರಕನ ಕರಪತ್ರದಲ್ಲಿಲ್ಲದ 'ಆ್ಯಕ್ಟಿವ್' ಎಂಬ ಪದವನ್ನು ಅಂಗಡಿಯ ಬಿಲ್ಲಿನಲ್ಲಿ ಬರೆಯುವಾಗ ಇದು ನೆನಪಿರಬೇಕು.

ಎಷ್ಟು ಶಕ್ತಿ ಬೇಕು?

ಗ್ರಾಹಕರು ಊಹಿಸುವುದಕ್ಕಿಂತ ಬಹಳ ಕಡಿಮೆ. ಸಾಧಾರಣ ಸ್ಪೀಕರೊಂದು 1 ವ್ಯಾಟ್ ಶಕ್ತಿಗೆ 1 ಮೀಟರ್ ದೂರದಲ್ಲಿ 85 ಡೆಸಿಬೆಲ್ ಶಬ್ದ ನೀಡುತ್ತದೆ ಎಂದುಕೊಳ್ಳೋಣ. 10 ವ್ಯಾಟಿಗೆ ಅದು 95 ಡೆಸಿಬೆಲ್. ಎರಡೂವರೆ ಮೀಟರ್ ದೂರದಲ್ಲಿ ಕುಳಿತರೆ ಬಯಲಿನಲ್ಲಿ 8 ಡೆಸಿಬೆಲ್ ಕಡಿಮೆಯಾದೀತು. ಆದರೆ ಕೋಣೆಯ ಗೋಡೆಗಳೂ ಎರಡನೆಯ ಸ್ಪೀಕರೂ ಅದರಲ್ಲಿ ಒಂದಿಷ್ಟನ್ನು ಹಿಂದಿರುಗಿಸುತ್ತವೆ. ಪಕ್ಕದ ಮನೆಯವರು ಬಾಗಿಲು ತಟ್ಟಲು ಅಷ್ಟು ಸಾಕು. 50 ವ್ಯಾಟಿನ ಬದಲು 100 ವ್ಯಾಟ್ ಕೊಂಡರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಹೊಡೆತದ ವಾದ್ಯಗಳ ಕ್ಷಣಿಕ ಏರಿಕೆಗೆ ಶಕ್ತಿ ಮೀಸಲಿರಬೇಕೆಂಬುದು ನಿಜ. ಆದರೂ ಮಧ್ಯಮ ಗಾತ್ರದ ಕೋಣೆಗೆ ಪೆಟ್ಟಿಗೆಯೊಂದಕ್ಕೆ 40-50 ವ್ಯಾಟ್ ಧಾರಾಳ. ಒಳ್ಳೆಯ ತಯಾರಕರು ವ್ಯಾಟಿನ ಜೊತೆಗೆ ಗರಿಷ್ಠ ಶಬ್ದಮಟ್ಟವನ್ನೂ ಡೆಸಿಬೆಲ್‌ಗಳಲ್ಲಿ ನೀಡುತ್ತಾರೆ. ಹೋಲಿಕೆಗೆ ಅದೇ ಮೇಲು.

ಆವರ್ತನದ ವ್ಯಾಪ್ತಿಯ ಅಂಕಿಯನ್ನೂ ಎಚ್ಚರದಿಂದ ಓದಬೇಕು. '40 ಹರ್ಟ್ಜ್‌ನಿಂದ 20,000 ಹರ್ಟ್ಜ್' ಎಂದಷ್ಟೇ ಬರೆದರೆ ಅದಕ್ಕೆ ಅರ್ಥವಿಲ್ಲ. ಆ ವ್ಯಾಪ್ತಿಯಲ್ಲಿ ಶಬ್ದಮಟ್ಟ ಎಷ್ಟು ಏರಿಳಿಯುತ್ತದೆ ಎಂಬುದು, ಅಂದರೆ 'ಪ್ಲಸ್ ಅಥವಾ ಮೈನಸ್ 3 ಡೆಸಿಬೆಲ್' ಎಂಬ ಮಾತು, ಜೊತೆಗಿರಬೇಕು. ಐದಿಂಚಿನ ವೂಫರಿನ ಪ್ರಾಮಾಣಿಕ ಮಿತಿ ಸಾಮಾನ್ಯವಾಗಿ 50-60 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ. ಒಂದನೆಯ ಮನೆ ಶ್ರುತಿಯ ಗಂಡುದನಿಗೆ ಹಿಡಿದ ತಂಬೂರದ ಮಂದ್ರ ಷಡ್ಜ ಸುಮಾರು 65 ಹರ್ಟ್ಜ್. ಹಾಗಾಗಿ ಶಾಸ್ತ್ರೀಯ ಸಂಗೀತ, ಸುಗಮ ಸಂಗೀತ, ದಾಸರ ಪದಗಳನ್ನೇ ಹೆಚ್ಚಾಗಿ ಕೇಳುವ ಮನೆಗೆ ಸಬ್‌ವೂಫರ್ ಅನಿವಾರ್ಯವಲ್ಲ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಜ್‌ಗೆ ಇಳಿಯುವುದರಿಂದ ಚಲನಚಿತ್ರ ಸಂಗೀತದ ರಸಿಕರ ಮಾತು ಬೇರೆ.

ಕೋಣೆಯೂ ಒಂದು ವಾದ್ಯ

ಬೆಲೆಬಾಳುವ ಸ್ಪೀಕರ್ ಕೊಂಡವರಲ್ಲಿ ಹಲವರು ಮನೆಯಲ್ಲಿ ಅದನ್ನು ಹಚ್ಚಿದಾಗ 'ಅಂಗಡಿಯಲ್ಲಿ ಹೀಗೆ ಕೇಳಿರಲಿಲ್ಲ' ಎನ್ನುತ್ತಾರೆ. ದೂರು ನಿಜವೇ, ದೋಷ ಬಹುಪಾಲು ಕೋಣೆಯದು. ಎದುರುಬದುರು ಗೋಡೆಗಳ ನಡುವೆ ಕೆಲವು ತಗ್ಗುಸ್ವರಗಳು ನಿಂತಲ್ಲೇ ಮೊಳಗುತ್ತವೆ. 12 ಅಡಿ ಉದ್ದದ ಕೋಣೆಯಲ್ಲಿ ಇಂತಹ ಮೊದಲ ಸ್ವರ ಸುಮಾರು 47 ಹರ್ಟ್ಜ್, 10 ಅಡಿಯ ಅಗಲಕ್ಕೆ 56 ಹರ್ಟ್ಜ್. 10ಕ್ಕೆ 10 ಅಡಿಯ ಚೌಕ ಕೋಣೆಯಲ್ಲಾದರೆ ಎರಡೂ ಒಂದೇ ಸ್ವರದಲ್ಲಿ ಸೇರಿ ಗುಂಯ್‌ಗುಡುತ್ತವೆ. ಸ್ಪೀಕರನ್ನು ಮೂಲೆಗೆ ಒತ್ತಿಟ್ಟರೆ ಈ ಉಬ್ಬರ ಇನ್ನೂ ಹೆಚ್ಚು. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತಂದು, ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ ಬರುವಂತೆ ಇಡುವುದು ಖರ್ಚಿಲ್ಲದ ಪರಿಹಾರ. ಹಿಂಬದಿಯಲ್ಲಿ ಗಾಳಿರಂಧ್ರವಿರುವ ಪೆಟ್ಟಿಗೆಯನ್ನು ಷೋಕೇಸಿನ ಗೂಡಿನೊಳಗೆ ತುರುಕುವುದಂತೂ ಸಲ್ಲದು. ಗ್ರಾನೈಟ್ ನೆಲ, ಬೋಳು ಗೋಡೆಗಳಿರುವಲ್ಲಿ ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಮಾಡುವ ಉಪಕಾರವನ್ನು ಇನ್ನಷ್ಟು ದುಬಾರಿ ಸ್ಪೀಕರ್ ಮಾಡಲಾರದು. ಅನೇಕ ಆ್ಯಕ್ಟಿವ್ ಸ್ಪೀಕರುಗಳ ಹಿಂಬದಿಯಲ್ಲಿ ತಗ್ಗುಸ್ವರವನ್ನು ಕುಗ್ಗಿಸುವ ಸ್ವಿಚ್ಚುಗಳಿರುತ್ತವೆ. ಅವು ಇರುವುದು ಗೋಡೆಯ ಬದಿ ಇಡಬೇಕಾದ ಇಂತಹ ಸಂದರ್ಭಗಳಿಗಾಗಿಯೇ.

ಪರೀಕ್ಷೆಗೆ ಅಂಗಡಿಯವರ ಅಬ್ಬರದ ಹಾಡಿಗಿಂತ ಗ್ರಾಹಕರಿಗೆ ಕರತಲಾಮಲಕವಾಗಿರುವ ಧ್ವನಿಮುದ್ರಣ ಲೇಸು. ಮೃದಂಗದ ಎಡಗಡೆಯ ಒಂದೊಂದು ಹೊಡೆತವೂ ಬೇರೆಬೇರೆಯಾಗಿ ಕೇಳಬೇಕು. ಎಲ್ಲವೂ ಒಂದೇ 'ದುಂ' ಎನಿಸಿದರೆ ಪೆಟ್ಟಿಗೆಯೇ ಕಂಪಿಸುತ್ತಿದೆ ಎಂದರ್ಥ. ಹಾಡು ನಿಲ್ಲಿಸಿ, ಟ್ವೀಟರಿನ ಸಮೀಪ ಕಿವಿಯಿಟ್ಟು ನೋಡಬೇಕು. ಟ್ವೀಟರಿಗೆ ಆಂಪ್ಲಿಫೈಯರ್ ನೇರವಾಗಿ ಸೇರಿರುವುದರಿಂದ ಆ್ಯಕ್ಟಿವ್ ಸ್ಪೀಕರುಗಳಲ್ಲಿ 'ಸ್‌ಸ್' ಎಂಬ ಸಣ್ಣ ಸದ್ದು ಸಹಜ. ಕುಳಿತ ಜಾಗಕ್ಕೂ ಅದು ಕೇಳಿಸಿದರೆ ರಾತ್ರಿಯ ಹೊತ್ತು ಕಿರಿಕಿರಿ ತಪ್ಪದು. ಸ್ವಯಂಚಾಲಿತವಾಗಿ ನಿದ್ರಾವಸ್ಥೆಗೆ ಜಾರುವ ಕೆಲವು ಮಾದರಿಗಳು ಮೆಲುದನಿಯ ಆಲಾಪನೆಯ ನಡುವೆಯೇ ಸ್ತಬ್ಧವಾಗುವುದುಂಟು. ಈ ಸೌಲಭ್ಯವನ್ನು ನಿಲ್ಲಿಸಲು ಸ್ವಿಚ್ ಇದೆಯೇ ಎಂದು ವಿಚಾರಿಸಬೇಕು.

ಆ್ಯಕ್ಟಿವ್ ಜೋಡಿಯ ಎರಡೂ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ವಿದ್ಯುತ್ ಸಂಪರ್ಕ ಬೇಕು. ಗಣಕಯಂತ್ರ, ಸೆಟ್‌ಟಾಪ್ ಬಾಕ್ಸ್‌ಗಳ ಜೊತೆ ಸೇರಿಸಿದಾಗ ಭೂಸಂಪರ್ಕದ ಸುತ್ತುದಾರಿಯಿಂದ 'ಹಮ್' ಹುಟ್ಟುವುದು ಸಾಮಾನ್ಯ. ಎಲ್ಲ ಸಾಧನಗಳನ್ನೂ ಒಂದೇ ಸಾಕೆಟ್ ಸಾಲಿನಿಂದ ನಡೆಸುವುದು, ಸೌಲಭ್ಯವಿದ್ದರೆ ಬ್ಯಾಲೆನ್ಸ್ಡ್ ಕೇಬಲ್ ಅಥವಾ ಆಪ್ಟಿಕಲ್ ಸಂಪರ್ಕ ಬಳಸುವುದು ಇದಕ್ಕೆ ಮದ್ದು. ಅರ್ಥಿಂಗ್ ಪಿನ್ನನ್ನು ಕಿತ್ತುಹಾಕುವ ಕೆಲವು ಎಲೆಕ್ಟ್ರಿಷಿಯನ್ನರ ಉಪಾಯ ಜೀವಕ್ಕೇ ಅಪಾಯ. ವಿದೇಶದಿಂದ ತಂದ ಸ್ಪೀಕರಾದರೆ ಅದು 230 ವೋಲ್ಟಿಗೆ ಹೊಂದುತ್ತದೆಯೇ ಎಂದು ಮೊದಲೇ ಪರಿಶೀಲಿಸಬೇಕು. ಬ್ಲೂಟೂತ್ ಸ್ಪೀಕರುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ವ್ಯಾಪ್ತಿಗೆ ಸೇರಿರುವುದರಿಂದ ನೋಂದಣಿ ಸಂಖ್ಯೆಯಿಲ್ಲದ ಸರಕನ್ನು ದಾಸ್ತಾನು ಮಾಡುವ ಗೋಜಿಗೆ ವರ್ತಕರು ಹೋಗದಿರುವುದೇ ಕ್ಷೇಮ.

ಆ್ಯಕ್ಟಿವ್ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಇರುವುದು ರಿಪೇರಿಯಲ್ಲಿ. ಪ್ಯಾಸಿವ್ ಜೋಡಿಯ ಆಂಪ್ಲಿಫೈಯರ್ ಕೆಟ್ಟರೆ ಬೇರೊಂದನ್ನು ತಂದು ಹಚ್ಚಬಹುದು. ಆ್ಯಕ್ಟಿವ್ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡ್ ಸುಟ್ಟರೆ, ಒಳಗಿನ ವೂಫರ್ ಗಟ್ಟಿಮುಟ್ಟಾಗಿದ್ದರೂ, ಇಡೀ ಪೆಟ್ಟಿಗೆ ಮೂಲೆ ಸೇರುತ್ತದೆ. ಬಿಡಿಬೋರ್ಡು ದೇಶದಲ್ಲಿ ಸಿಗುತ್ತದೆಯೇ, ಎಷ್ಟು ವರ್ಷ ಸಿಗುತ್ತದೆ, ಸೇವಾಕೇಂದ್ರ ಯಾವ ಊರಿನಲ್ಲಿದೆ ಎಂಬ ಪ್ರಶ್ನೆಗಳನ್ನು ಗ್ರಾಹಕರು ವರ್ತಕರಿಗೆ, ವರ್ತಕರು ವಿತರಕರಿಗೆ ಕೇಳಿ ಲಿಖಿತ ಉತ್ತರ ಪಡೆಯುವುದು ಒಳಿತು. ಸಣ್ಣ ತಯಾರಕರಿಗೆ ಅವಕಾಶವಿರುವುದೂ ಇಲ್ಲಿಯೇ. ಕ್ಲಾಸ್-ಡಿ ಆಂಪ್ಲಿಫೈಯರ್ ಮಾಡ್ಯೂಲುಗಳು, ಕ್ರಾಸೋವರ್ ಕೆಲಸ ಮಾಡುವ ಡಿ.ಎಸ್.ಪಿ. ಚಿಪ್ಪುಗಳು ಇಂದು ಬಿಡಿಯಾಗಿ ದೊರೆಯುತ್ತವೆ. ಅಳತೆಗೆ ಬೇಕಾದ ಮೈಕ್ ಅಗ್ಗವಾಗಿದೆ, ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮರಗೆಲಸದ ಘಟಕವೊಂದು ಒಳ್ಳೆಯ ಪ್ಲೈವುಡ್ ಅಥವಾ ಎಂ.ಡಿ.ಎಫ್. ಪೆಟ್ಟಿಗೆ ಮಾಡಿ, ಬೋರ್ಡನ್ನು ನಾಲ್ಕು ಸ್ಕ್ರೂ ಬಿಚ್ಚಿ ಬದಲಿಸುವಂತೆ ಜೋಡಿಸಿ, ಬಿಡಿಭಾಗವನ್ನು ದಾಸ್ತಾನಿಟ್ಟರೆ, ದೊಡ್ಡ ಬ್ರ್ಯಾಂಡುಗಳು ದೂರದ ಊರಿನ ಗ್ರಾಹಕನಿಗೆ ಸುಲಭವಾಗಿ ಕೊಡಲಾಗದ ಸೇವೆಯನ್ನು ಕೊಡಬಲ್ಲದು.

ಅಲ್ಲಿಯವರೆಗೆ, ಖರೀದಿಸಿದವರು ವಾರಂಟಿಯ ಅವಧಿ ಮುಗಿಯುವ ತನಕ ಮೂಲ ರಟ್ಟಿನ ಪೆಟ್ಟಿಗೆಯನ್ನೂ ಥರ್ಮೋಕೋಲನ್ನೂ ಅಟ್ಟದ ಮೇಲೆ ಕಾಪಾಡಿಕೊಳ್ಳುವುದು ಒಳ್ಳೆಯದು. ಏಳೆಂಟು ಕಿಲೋ ತೂಕದ ಸ್ಪೀಕರನ್ನು ಬೇರಾವ ಪೆಟ್ಟಿಗೆಯಲ್ಲೂ ಸುರಕ್ಷಿತವಾಗಿ ಕೊರಿಯರ್ ಮಾಡುವುದು ಕಷ್ಟ.